ಕೊಟ್ಟ ಮೇಲೆ ಬರಬೇಡಿ, ಕೇಳಿದ ದಿನವೇ ಬನ್ನಿ

ಹೋದ ತಿಂಗಳೂ ಒಬ್ಬ ರೈತರು ಬಂದಿದ್ದರು. ಪೋಡಿಗೆ, ಅಂದರೆ ಜಮೀನು ಅಳೆದು ತಮ್ಮ ಪಾಲು ಬೇರೆ ಮಾಡಿಸಲು, ಅರ್ಜಿ ಹಾಕಿ ವರ್ಷವಾಗಿದೆ. ಇಪ್ಪತ್ತು ಸಾವಿರ ಲಂಚ ಕೊಟ್ಟಿದ್ದಾರೆ, ಕೆಲಸ ಆಗಿಲ್ಲ. ನಾಲ್ಕು ತಿಂಗಳು ಕಾದು, "ಈಗ ಲೋಕಾಯುಕ್ತಕ್ಕೆ ಹಾಕೋಣ ಸರ್" ಅಂದರು. ವಕೀಲನಾಗಿ ನನಗೆ ಅತಿ ಜಾಸ್ತಿ ಸಂಕಟ ಕೊಡುವ ಮಾತು ಇದೇ.

2018ರ ಜುಲೈನಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿ ಜಾರಿಗೆ ಬಂತು. ಅಂದಿನಿಂದ ಲಂಚ ಕೊಡುವುದೂ ನೇರ ಅಪರಾಧ, ಏಳು ವರ್ಷದವರೆಗೆ ಜೈಲು. "ನಾನೇನು ಖುಷಿಯಿಂದ ಕೊಟ್ಟೆನಾ?" ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ, ಗೊತ್ತು. ಕಾನೂನಿಗೂ ಗೊತ್ತು. ಬಲವಂತಕ್ಕೆ ಸಿಕ್ಕಿ ಕೊಟ್ಟವರಿಗೆ 8ನೇ ಸೆಕ್ಷನ್ ಒಂದು ಬಾಗಿಲು ಇಟ್ಟಿದೆ. ಆದರೆ ಕೊಟ್ಟ ದಿನದಿಂದ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ಏಳು ತಿಂಗಳಲ್ಲ, ಏಳು ದಿನ. ಕೆಲಸ ಆಗುತ್ತದೋ ಇಲ್ಲವೋ ನೋಡೋಣ ಅಂತ ಕಾಯುವಷ್ಟರಲ್ಲಿ ಆ ಬಾಗಿಲು ಮುಚ್ಚುತ್ತದೆ.

ಇನ್ನೂ ಒಳ್ಳೆಯ ದಾರಿ ಎಂದರೆ ಕೊಡುವ ಮೊದಲೇ ಜಿಲ್ಲೆಯ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗುವುದು. ಅವರಿಗೆ ತಿಳಿಸಿ, ಅವರ ಟ್ರ್ಯಾಪ್‌ಗಾಗಿ, ಅಂದರೆ ಲಂಚ ತೆಗೆದುಕೊಳ್ಳುವಾಗಲೇ ಹಿಡಿಯಲು ಅವರು ಹಾಕುವ ಬಲೆಗಾಗಿ, ಕೊಟ್ಟ ಹಣ ಅಪರಾಧವಲ್ಲ. ನೋಟಿಗೆ ಫಿನಾಲ್ಫ್ತಲೀನ್ ಪುಡಿ ಸವರಿ, ತೆಗೆದುಕೊಂಡವನ ಕೈಯನ್ನು ಸೋಡಿಯಂ ಕಾರ್ಬೋನೇಟ್ ನೀರಲ್ಲಿ ಅದ್ದಿಸುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಷ್ಟಾದರೆ ಕೇಸು ಗೆದ್ದ ಹಾಗೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಹಣ ತೆಗೆದುಕೊಂಡದ್ದರ ಜೊತೆಗೆ, ಅವನು ಕೇಳಿದ್ದೂ ಸಾಬೀತಾಗಬೇಕು. ನೀರಜ್ ದತ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿತು. ಅದಕ್ಕೇ ಯಾರು, ಯಾವತ್ತು, ಎಲ್ಲಿ, ಎಷ್ಟು ಕೇಳಿದರು ಅಂತ ಅವತ್ತೇ ಬರೆದಿಡಿ. ಫೋನಿನಲ್ಲಿ ಮಾತು ರೆಕಾರ್ಡ್ ಆಗಿದ್ದರೆ ಕತ್ತರಿಸಬೇಡಿ, ಆ ಫೋನನ್ನೇ ಜೋಪಾನ ಮಾಡಿ.

ತಡವಾಗಿ ಬಂದವರಿಗೆ ದಾರಿಯೇ ಇಲ್ಲ ಅಂತಲ್ಲ. ಮತ್ತೆ ಕೇಳುತ್ತಿದ್ದರೆ ಅದು ಹೊಸ ಬೇಡಿಕೆ. ಆದರೆ ಒಂದೊಂದು ಪ್ರಕರಣ ಒಂದೊಂದು ಥರ, ಕಾಗದ ನೋಡದೆ ಯಾವ ವಕೀಲರೂ ಭರವಸೆ ಕೊಡಬಾರದು.

"ಎರಡು ಸಾವಿರಕ್ಕೆ ಇಷ್ಟೊಂದು ರಗಳೆಯಾ?" ಅನ್ನುವವರು ಇದ್ದಾರೆ. ತಡ ಮಾಡಿದರೆ ದುಡ್ಡು ಬರುತ್ತದೆ ಅಂತಾದರೆ ಯಾರು ತಾನೇ ಬೇಗ ಮಾಡುತ್ತಾರೆ? ನೀವು ಕೊಟ್ಟು ಮುಂದೆ ಹೋದಿರಿ, ಕೊಡಲಾಗದವರ ಅರ್ಜಿ ಇನ್ನೂ ಕೆಳಗೆ ಹೋಯಿತು. ನನ್ನನ್ನು ಇನ್ನೂ ಜಾಸ್ತಿ ಕಾಡುವುದು ಬೇರೆ. ಗುಟ್ಟಾಗಿ ಕೊಟ್ಟವರು ಗ್ರಾಮಸಭೆಯಲ್ಲಿ ಎದ್ದು ನಿಂತು ಏನೂ ಕೇಳುವುದಿಲ್ಲ. ರಸ್ತೆ ಬಿಲ್ಲಿನ ಬಗ್ಗೆಯೂ ಇಲ್ಲ, ಮನೆ ಪಟ್ಟಿಯ ಬಗ್ಗೆಯೂ ಇಲ್ಲ. ಓಟು ಹಾಕುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ಮೊದಲ ಹೆಜ್ಜೆ ಕೇಸೇ ಆಗಬೇಕಿಲ್ಲ. ಸರ್ಕಾರಿ ಸೇವೆಯನ್ನು ಇಂತಿಷ್ಟು ದಿನದೊಳಗೆ ಕೊಡಬೇಕು ಅನ್ನುವ ಸಕಾಲ ಕಾಯ್ದೆ 2012ರಿಂದ ಇದೆ. ಅದರಡಿ ಬರುವ ಸೇವೆಗೆ ಅರ್ಜಿ ಕೊಟ್ಟರೆ ಜಿಎಸ್‌ಸಿ ನಂಬರ್ (ಅರ್ಜಿಯ ಗುರುತಿನ ಸಂಖ್ಯೆ) ಇರುವ ಸ್ವೀಕೃತಿ ಕೊಡಬೇಕು. ತಡವಾದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ಆದರೆ ಯಾರ ಮೇಜಿನ ಮೇಲೆ ಎಷ್ಟು ದಿನ ನಿಂತಿತ್ತು ಅನ್ನುವುದು ದಾಖಲಾಗುತ್ತದೆ. ಅರ್ಜಿ ಆಗುವುದಿಲ್ಲ ಅಂದರೆ ಕಾರಣ ಬರೆದು ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಡಿ ಅನ್ನಿ.

ವಿಧವಾ ವೇತನಕ್ಕೆ ಓಡಾಡುತ್ತಿದ್ದ ಒಬ್ಬ ತಾಯಿ ಹೀಗೇ ಮಾಡಿದರು. ದುಡ್ಡು ಕೇಳಿದ ದಿನವೇ ನನ್ನ ಹತ್ತಿರ ಬಂದಿದ್ದರು. ಟ್ರ್ಯಾಪ್ ಬೇಡ, ಅವನಿಗೂ ಮಕ್ಕಳಿದ್ದಾರೆ ಅಂದರು. ನನಗೆ ಸಮಾಧಾನವಿರಲಿಲ್ಲ, ಆದರೂ ಹಿಂಬರಹ ಕೇಳುವ ಅರ್ಜಿ ಬರೆದುಕೊಟ್ಟೆ. ಮೂರು ವಾರಕ್ಕೆ ಮಂಜೂರಾತಿ ಬಂತು. ಆಮೇಲೊಂದು ದಿನ ಪಕ್ಕದ ಮನೆಯವರನ್ನು ಕರೆದುಕೊಂಡು ಬಂದರು. ಅವರ ಸ್ವೀಕೃತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇವರೇ ಹಿಡಿದುಕೊಂಡಿದ್ದರು. "ಇವಳಿನ್ನೂ ಒಂದು ಪೈಸೆ ಕೊಟ್ಟಿಲ್ಲ ಸರ್" ಅಂದರು.