ಒಂದೇ ಪಂಕ್ತಿಯ ಊಟ, ಬೇರೆ ಬೇರೆ ಮೈ

ಹಾಸನದ ಕಡೆ ಮದುವೆಯಾದ ಮೇಲೆ ಬೀಗರೂಟ, ಅದಾದ ಮೇಲೆ ನೆಂಟರ ಮನೆಗಳಲ್ಲಿ ಸಾಲು ಔತಣ. ಒಂದೇ ಪಂಕ್ತಿಯಲ್ಲಿ ಉಂಡವರಲ್ಲಿ ಒಬ್ಬರ ಸೊಂಟ ದಪ್ಪವಾಗುತ್ತದೆ, ಇನ್ನೊಬ್ಬರಿಗೆ ಉಂಡದ್ದು ಮೈಗೆ ಹತ್ತುವುದೇ ಇಲ್ಲ. ದಪ್ಪಗಾದವರನ್ನು ತಿಂಡಿಪೋತರೆಂದು ಆಡಿಕೊಳ್ಳುತ್ತೇವೆ. ಅದು ಅನ್ಯಾಯದ ಮಾತು.

ಕೆನಡಾದ ಲಾವಲ್ ವಿಶ್ವವಿದ್ಯಾಲಯದ ಕ್ಲಾಡ್ ಬೂಶಾರ್ ತಂಡ ಇದನ್ನು ಅಳೆದು ತೋರಿಸಿದ್ದು 1990ರಲ್ಲಿ. 12 ಜೋಡಿ ತದ್ರೂಪಿ ಅವಳಿ ಯುವಕರಿಗೆ 100 ದಿನಗಳ ಪೈಕಿ 84 ದಿನ, ದಿನಕ್ಕೆ 1,000 ಕಿಲೊಕ್ಯಾಲರಿ ಹೆಚ್ಚುವರಿ ಊಟ ಕೊಟ್ಟರು. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಅದು ಮಾಮೂಲಿ ಊಟದ ಮೇಲೆ ಸುಮಾರು 300 ಗ್ರಾಂ ರಾಗಿ ಹಿಟ್ಟಿನ ಮುದ್ದೆ. ತೂಕ ಏರಿದ್ದು ಸರಾಸರಿ 8.1 ಕೆಜಿ, ಆದರೆ ಒಬ್ಬರಿಗೆ 4.3, ಇನ್ನೊಬ್ಬರಿಗೆ 13.3. ಆದರೆ ಒಂದೇ ಜೋಡಿಯೊಳಗಿನ ಇಬ್ಬರ ತೂಕ ಬಹುಮಟ್ಟಿಗೆ ಸಮಸಮನಾಗಿ ಏರಿತ್ತು. ವಂಶವಾಹಿಯ ಕೈವಾಡಕ್ಕೆ ಬಲವಾದ ಸುಳಿವು ಸಿಕ್ಕಿತು. ಅದು ಎಲ್ಲಿ ಕೆಲಸ ಮಾಡುತ್ತದೆ ಎಂಬುದು ಮಾತ್ರ ಆಗ ತಿಳಿಯಲಿಲ್ಲ.

ಒಂದು ಜಾಗ ಕೊಬ್ಬಿನ ಅಂಗಾಂಶವೇ. ಕೊಬ್ಬುಕೋಶಗಳು ಸ್ರವಿಸುವ ಹಾರ್ಮೋನಾದ ಲೆಪ್ಟಿನ್‌ನ ವಂಶವಾಹಿ 1994ರಲ್ಲಿ ಸಿಕ್ಕ ಮೇಲೆ, ಕೊಬ್ಬು ಬರೀ ಕಣಜವಲ್ಲ, ಮಿದುಳಿಗೆ ಸುದ್ದಿ ಮುಟ್ಟಿಸುವ ಅಂಗ ಎಂಬುದು ಸ್ಪಷ್ಟವಾಯಿತು. ಅದೇ ವರ್ಷ, ಎಳೆಯ ಕೋಶವನ್ನು ಕೊಬ್ಬುಕೋಶವಾಗಿ ಬೆಳೆಸುವ ಮುಖ್ಯ ಸ್ವಿಚ್ಚು ಪಿಪಿಎಆರ್-ಗಾಮಾ ಎಂಬ ಪ್ರೋಟೀನು ಎಂದು ಗೊತ್ತಾಯಿತು.

ಯಾವ ವಂಶವಾಹಿ ಎಷ್ಟು ಚುರುಕಾಗಿದೆ ಎಂದು ನೋಡಲು ಹೊಕ್ಕುಳ ಪಕ್ಕ ಮರಗಟ್ಟಿಸಿ, ಸೂಜಿಯಿಂದ ಚೂರು ಕೊಬ್ಬು ತೆಗೆಯುತ್ತಾರೆ. ರಾತ್ರಿಯಿಡೀ ಉಪವಾಸವಿದ್ದು ಬೆಳಿಗ್ಗೆ ಕೊಡಬೇಕು. ಉಂಡ ಕೂಡಲೇ ಇನ್ಸುಲಿನ್ ಏರಿ ಕೊಬ್ಬು ಕಟ್ಟುವ ವಂಶವಾಹಿಗಳ ಲೆಕ್ಕವೇ ಬದಲಾಗುತ್ತದೆ. ರಕ್ತ ತೊಳೆದು ತಕ್ಷಣ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಬೇಕು. ತಡವಾದರೆ, ವಂಶವಾಹಿಯ ಚುರುಕನ್ನು ಅಳೆಯಲು ಬೇಕಾದ ಆರ್‌ಎನ್‌ಎ ಕರಗಿ ಹೋಗುತ್ತದೆ. ಇಷ್ಟಾದರೂ ಆ ಚೂರಿನಲ್ಲಿ ಕೊಬ್ಬುಕೋಶದ ಜೊತೆ ರಕ್ತನಾಳದ ಕೋಶ, ರೋಗನಿರೋಧಕ ಕೋಶಗಳೂ ಬೆರೆತಿರುತ್ತವೆ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ದಪ್ಪಗಾದ ಮೇಲೆ ಮಾತ್ರ ಪರೀಕ್ಷಿಸುವುದು. ಆಗ ಕಂಡದ್ದು ತೂಕದ ಕಾರಣವೋ ಪರಿಣಾಮವೋ ಹೇಳಲಾಗದು. ಹಾಗಾಗಿ ಮೊದಲೊಂದು, ಆಮೇಲೊಂದು ಚೂರು ಬೇಕು.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹೀಗೆ ಮಾಡಿದ 2015ರ ಪ್ರಯೋಗ, ಕೊಬ್ಬು ಕಟ್ಟುವ ವಂಶವಾಹಿ ಚುರುಕಾದರೆ ಕೆಡುಕೇ ಎಂಬ ನಮ್ಮ ಎಣಿಕೆಯನ್ನು ತಲೆಕೆಳಗು ಮಾಡುತ್ತದೆ. ಸ್ಥೂಲಕಾಯದವರಿಗೆ ಹೆಚ್ಚು ಉಣಿಸಿ ತೂಕವನ್ನು ಶೇ. 6ರಷ್ಟು ಏರಿಸಿದರು. ಮೊದಲೇ ಚಯಾಪಚಯ (ಉಂಡದ್ದನ್ನು ದೇಹ ಬಳಸಿಕೊಳ್ಳುವ ಬಗೆ) ಸರಿಯಿದ್ದವರಲ್ಲಿ ಕೊಬ್ಬು ಕಟ್ಟುವ ವಂಶವಾಹಿಗಳು ಚುರುಕಾದವು, ಆರೋಗ್ಯ ಅಷ್ಟಾಗಿ ಕೆಡಲಿಲ್ಲ. ಉಳಿದವರಲ್ಲಿ ಅವು ಚುರುಕಾಗಲಿಲ್ಲ, ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಇನ್ನಷ್ಟು ಕುಗ್ಗಿತು. ಚರ್ಮದಡಿಯ ಕಣಜ ತುಂಬಿದರೆ ಮಿಕ್ಕಿದ ಕೊಬ್ಬು ಯಕೃತ್ತಿಗೆ, ಸ್ನಾಯುವಿಗೆ ನುಗ್ಗುತ್ತದೆ.

ಹಾಗಂತ ಎಲ್ಲವನ್ನೂ ಕೊಬ್ಬಿನ ಮೇಲೆ ಹೊರಿಸಬಾರದು. 1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 16 ಮಂದಿ ಎಂಟು ವಾರ ದಿನಕ್ಕೆ 1,000 ಕಿಲೊಕ್ಯಾಲರಿ ಹೆಚ್ಚುವರಿ ಊಟ ಮಾಡಿದಾಗ, ಕೂತು ಏಳುವ ಓಡಾಡುವ ಸಣ್ಣಪುಟ್ಟ ಚಲನೆ ಹೆಚ್ಚಿದವರಿಗೇ ಕೊಬ್ಬು ಕಡಿಮೆ ಕೂಡಿತು.

ಚಿಕ್ಕಮಗಳೂರಿನ ತೋಟದ ಲೈನ್‌ಮನೆಯಲ್ಲೂ, ಹಾಸನದ ಪೇಟೆಯಲ್ಲೂ ಸಣಕಲು ಕೈಕಾಲಿನ, ಹೊಟ್ಟೆ ಮಾತ್ರ ಮುಂದೆ ಬಂದವರು ಕಾಣುತ್ತಾರೆ. ತೂಕದ ಯಂತ್ರ ಇವರನ್ನು ಹಿಡಿಯುವುದಿಲ್ಲ. ಟೇಪು ಹಿಡಿಯುತ್ತದೆ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಅಳೆಯಬೇಕು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಸಕ್ಕರೆ ಪರೀಕ್ಷೆ ಮಾಡಿಸಬೇಕು.