ಹಣ ಕೊಟ್ಟವರು, ಜಾಗ ಕೊಟ್ಟವರು: ಊರಿನ ಕಲಾ ಉತ್ಸವಗಳ ಬೆನ್ನಿಗೆ ನಿಂತವರ ಹಿನ್ನೆಲೆ

1417ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದ ಆಡಳಿತ ಒಂದು ನಿಯಮ ಮಾಡಿತು. ವರ್ಷಕ್ಕೊಮ್ಮೆ ಕಾರ್ಪಸ್ ಕ್ರಿಸ್ಟಿ ಎಂಬ ಕ್ರೈಸ್ತ ಹಬ್ಬದ ದಿನ ನಾಟಕದ ಬಂಡಿಗಳು ಬೀದಿಬೀದಿ ಸುತ್ತುತ್ತಿದ್ದವು. ಅವು ಯಾರ ಮನೆಯ ಮುಂದೆ ನಿಂತು ಆಟ ಆಡಬೇಕು? ಹೆಚ್ಚು ಹಣ ಕೊಡಲು ಒಪ್ಪಿದವರ ಮನೆಯ ಮುಂದೆ. ಪ್ರಾಯೋಜಕತ್ವ ಎಂದರೆ ಕಂಪನಿಗಳ ಕಾಲದ ಕೆಟ್ಟ ಚಾಳಿ ಎಂದು ಮೂಗು ಮುರಿಯುವವರಿಗೆ ತೋರಿಸಬೇಕಾದ ದಾಖಲೆ ಇದು. ಊರಿನ ಕಲೆಗೆ ಊರಿನ ವ್ಯಾಪಾರಿಗಳ ದುಡ್ಡು ಹರಿಯುವುದು ಹೊಸ ಸಂಗತಿಯೇನಲ್ಲ. ಆ ದುಡ್ಡಿನ ಜೊತೆ ಇನ್ನೇನು ಬರುತ್ತಿತ್ತು ಎಂಬುದು ಮಾತ್ರ ಕಾಲದಿಂದ ಕಾಲಕ್ಕೆ ಬದಲಾಗಿದೆ.

ಇನ್ನೂ ಹಿಂದಕ್ಕೆ ಹೋದರೆ ಸಾಂಚಿ ಸಿಗುತ್ತದೆ. ಅಲ್ಲಿನ ಮಹಾಸ್ತೂಪದ ದಕ್ಷಿಣ ತೋರಣದ ಕೆತ್ತನೆ ತಮ್ಮದು ಎಂದು ವಿದಿಶೆಯ ದಂತಕಾರರು ಶಾಸನ ಬರೆಸಿದ್ದಾರೆ. ಆನೆಯ ದಂತದಲ್ಲಿ ಕೆಲಸ ಮಾಡುತ್ತಿದ್ದವರು ಕಲ್ಲಿಗೆ ಕೈಯಿಟ್ಟರು. ಮಹಾರಾಷ್ಟ್ರದ ಕಾರ್ಲೆಯ ಬೌದ್ಧ ಗುಹೆಯಲ್ಲಿ ಒಂದು ಕಂಬ ಯವನನೊಬ್ಬನದು, ಬಾಗಿಲಿನ ಕೆಲಸ ಗಂಧದ ವ್ಯಾಪಾರಿಯೊಬ್ಬನದು. ಅದೇ ಗುಹೆಯಲ್ಲಿ ವೈಜಯಂತಿಯ, ಅಂದರೆ ನಮ್ಮ ಬನವಾಸಿಯ, ಶ್ರೇಷ್ಠಿ ಭೂತಪಾಲ ಈ ಶಿಲಾಮಂದಿರ ಜಂಬೂದ್ವೀಪದಲ್ಲೇ ಉತ್ತಮವಾದುದು ಎಂದು ಬರೆಸಿದ. ಎರಡು ಸಾವಿರ ವರ್ಷಗಳ ಹಿಂದೆಯೂ ದಾನಿಗೆ ಸಂಕೋಚ ಕಡಿಮೆಯೇ ಇತ್ತು.

ಅಥೆನ್ಸ್‌ನಲ್ಲಿ ಇದು ದಾನವಾಗಿರಲಿಲ್ಲ, ಕರ್ತವ್ಯವಾಗಿತ್ತು. ಡಯೊನೀಸಿಯಾ ಉತ್ಸವದ ಗಾಯಕವೃಂದಕ್ಕೆ ತರಬೇತಿ ಮತ್ತು ಉಡುಪಿನ ಖರ್ಚು ಭರಿಸಲು ನಗರವೇ ಸಿರಿವಂತರನ್ನು ನೇಮಿಸುತ್ತಿತ್ತು. ಹೀಗೆ ನೇಮಕವಾದವನನ್ನು ಖೊರೆಗಸ್ ಎನ್ನುತ್ತಿದ್ದರು. ತನಗಿಂತ ದೊಡ್ಡ ಸಾಹುಕಾರ ಇನ್ನೊಬ್ಬನಿದ್ದಾನೆ ಎಂದು ಅವನು ವಾದಿಸಬಹುದಿತ್ತು. ಆಗ ಆ ಇನ್ನೊಬ್ಬ ಹೊಣೆ ಹೊರಬೇಕು, ಇಲ್ಲವೇ ಇಬ್ಬರೂ ಆಸ್ತಿಯನ್ನು ಅದಲುಬದಲು ಮಾಡಿಕೊಳ್ಳಬೇಕು. ಉತ್ಸವದ ಸ್ಪರ್ಧೆಯಲ್ಲಿ ಗೆದ್ದವನಿಗೆ ಸಿಗುತ್ತಿದ್ದುದು ಹೆಸರು. ಕ್ರಿಸ್ತಪೂರ್ವ 335-334ರಲ್ಲಿ ಗೆದ್ದ ಲೈಸಿಕ್ರೇಟಿಸ್ ನಿಲ್ಲಿಸಿದ ಸ್ಮಾರಕ ಇಂದಿಗೂ ಅಲ್ಲಿದೆ. ಅದರ ಬರಹದಲ್ಲಿ ಖರ್ಚು ಹೊತ್ತವನ ಹೆಸರು ಮೊದಲು, ವಾದ್ಯ ನುಡಿಸಿದವನದು ಆಮೇಲೆ, ಹುಡುಗರಿಗೆ ಹಾಡು ಕಲಿಸಿದವನದು ಅದರ ನಂತರ. ಇಂದಿನ ಉತ್ಸವಗಳ ಫಲಕ ನೋಡಿದವರಿಗೆ ಈ ಕ್ರಮದ ಪರಿಚಯ ಇದ್ದೇ ಇದೆ.

ಮತ್ತೆ ಯಾರ್ಕ್‌ಗೆ ಬರೋಣ, ಏಕೆಂದರೆ ಊರಿನ ಉದ್ಯಮ ಮತ್ತು ಊರಿನ ಕಲೆ ಅಷ್ಟು ಹತ್ತಿರ ಬಂದದ್ದು ಅಪರೂಪ. 1376ರ ಹೊತ್ತಿಗಾಗಲೇ ದಾಖಲೆಯಲ್ಲಿ ಕಾಣಿಸುವ ಈ ಬೀದಿನಾಟಕಗಳು ಬೈಬಲ್ಲಿನ ಸೃಷ್ಟಿಯಿಂದ ಅಂತಿಮ ತೀರ್ಪಿನವರೆಗೆ ಸುಮಾರು 48 ಪ್ರಸಂಗಗಳಾಗಿ ಬೆಳೆದವು. ಪ್ರತಿ ಪ್ರಸಂಗವೂ ಒಂದೊಂದು ಕಸುಬಿನ ಸಂಘದ ಹೊಣೆ. ನೋಹನ ನಾವೆ ಕಟ್ಟುವ ಪ್ರಸಂಗ ಹಡಗು ಕಟ್ಟುವವರದು, ಯೇಸುವಿನ ಕೊನೆಯ ಭೋಜನ ರೊಟ್ಟಿ ಸುಡುವವರದು. ಮೊಳೆ ಮಾಡುವವರ ಪಾಲಿಗೆ ಬಂದದ್ದು ಶಿಲುಬೆಗೇರಿಸುವ ದೃಶ್ಯ. ಇದರಲ್ಲಿ ಭಕ್ತಿ ಎಷ್ಟು, ಕರಾಳ ಹಾಸ್ಯ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಸಿರಿವಂತ ವರ್ತಕರ ಸಂಘ ಅಂತಿಮ ತೀರ್ಪನ್ನು ಇಟ್ಟುಕೊಂಡಿತ್ತು. ಆ ಸಂಘದ 1433ರ ಸಾಮಾನು ಪಟ್ಟಿ ಉಳಿದುಬಂದಿದೆ: ನಾಲ್ಕು ಗಾಲಿಯ ಬಂಡಿ, ನರಕದ ಬಾಯಿ, ದೆವ್ವಗಳ ಉಡುಪು, ಸ್ವರ್ಗದಲ್ಲಿ ಓಡಾಡಬೇಕಾದ ಕೆಂಪು ಬಣ್ಣದ ಪುಟ್ಟ ದೇವದೂತರ ಗೊಂಬೆಗಳು, ಅವುಗಳನ್ನು ಓಡಿಸಲು ಉದ್ದನೆಯ ಸಣ್ಣ ಹಗ್ಗ.

ಆ ಹಗ್ಗದ ಲೆಕ್ಕವನ್ನೂ ಇಟ್ಟವರನ್ನು ಬರೀ ದಾನಿಗಳು ಎನ್ನಲಾಗದು. ಅವರು ಬಂಡಿ ಕಟ್ಟಿಸುತ್ತಿದ್ದರು, ಕಾಯುತ್ತಿದ್ದರು, ಆಟ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುತ್ತಿದ್ದರು. ಹಾಗೆಂದು ಎಲ್ಲರೂ ನಗುನಗುತ್ತ ವಂತಿಗೆ ಕೊಟ್ಟರು ಎಂದೇನೂ ಅಲ್ಲ. ಸಂಘದ ಸದಸ್ಯರು ವರ್ಷವೂ ನಾಟಕಕ್ಕೆಂದು ಹಣ ತೆರಬೇಕಿತ್ತು, ತಪ್ಪಿದರೆ ದಂಡ. ಕಸುಬು ಸೊರಗಿದಾಗ ಅದೇ ಭಾರವಾಗುತ್ತಿತ್ತು. ಕೊನೆಗೆ ಕ್ಯಾಥೊಲಿಕ್ ಆಚರಣೆಗಳನ್ನು ವಿರೋಧಿಸಿದ ಧರ್ಮಸುಧಾರಣೆಯ ಗಾಳಿಯಲ್ಲಿ ನಾಟಕಗಳೇ ಅನುಮಾನಕ್ಕೆ ಒಳಗಾಗಿ, 1569ರ ನಂತರ ನಿಂತುಹೋದವು. ಮತ್ತೆ ಅವುಗಳಿಗೆ ಜೀವ ಬಂದದ್ದು 1951ರಲ್ಲಿ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಂಪನಿಗಳು ಸಂಘಟಿತವಾಗಿ ಈ ಕಣಕ್ಕೆ ಇಳಿದವು. ಅಮೆರಿಕದಲ್ಲಿ ಡೇವಿಡ್ ರಾಕ್‌ಫೆಲ್ಲರ್ ಮುಂದಾಳತ್ವದಲ್ಲಿ 1967ರಲ್ಲಿ, ಬ್ರಿಟನ್ನಿನಲ್ಲಿ 1976ರಲ್ಲಿ, ಕಲೆಗೆ ವ್ಯಾಪಾರದ ನೆರವು ತರಲೆಂದೇ ಸಂಸ್ಥೆಗಳು ಹುಟ್ಟಿದವು. ಇಲ್ಲಿಂದ ಒಪ್ಪಂದದ ಭಾಷೆ ಬಂತು: ಇಷ್ಟು ಹಣಕ್ಕೆ ಇಷ್ಟು ದೊಡ್ಡ ಲಾಂಛನ. ಹೆಸರಿನ ಬೆಲೆ ಎಷ್ಟು ಅಗ್ಗ ಎಂಬುದು ಲಂಡನ್ನಿನ ಟೇಟ್ ಸಂಗ್ರಹಾಲಯದ ಪ್ರಕರಣದಲ್ಲಿ ಹೊರಬಿತ್ತು. ಮಾಹಿತಿ ನ್ಯಾಯಮಂಡಳಿಯ ಆದೇಶದ ಬಳಿಕ 2015ರಲ್ಲಿ ಬಹಿರಂಗವಾದ ಲೆಕ್ಕದಂತೆ, 1990ರಿಂದ 2006ರವರೆಗೆ ತೈಲ ಕಂಪನಿ ಬಿಪಿ ಕೊಟ್ಟದ್ದು ವರ್ಷಕ್ಕೆ ಸರಾಸರಿ 2,24,000 ಪೌಂಡ್. ಟೇಟ್‌ನ ಒಟ್ಟು ಆದಾಯದ ಮುಂದೆ ಇದು ಚಿಲ್ಲರೆ. ಆ ನಂಟು 2017ರಲ್ಲಿ ಮುಗಿಯಿತು.

ಭಾರತದ ಕಾನೂನು ಕೊಡುಗೆಯನ್ನೂ ಜಾಹೀರಾತನ್ನೂ ಬೇರೆಬೇರೆ ಇಡಲು ನೋಡಿದೆ. 2013ರ ಕಂಪನಿ ಕಾಯ್ದೆಯಂತೆ, 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ತನ್ನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು. ಕಲೆ, ಸಂಸ್ಕೃತಿ ಆ ಪಟ್ಟಿಯಲ್ಲಿವೆ. ತಾನು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂಬ ಮಾತೂ ಇದೆ. ತನ್ನ ಸರಕಿನ ಮಾರಾಟಕ್ಕೆ ಅನುಕೂಲವಾಗಲೆಂದು ಮಾಡಿದ ಪ್ರಾಯೋಜಕತ್ವವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು 2021ರ ತಿದ್ದುಪಡಿ ಹೇಳಿತು. ಒಳ್ಳೆಯ ಗೆರೆಯೇ. ಆದರೆ ಚಿತ್ರ ತೂಗುಹಾಕಲು ಗೋಡೆ ಬಿಟ್ಟುಕೊಡುವ ಬೀದಿಬದಿಯ ಅಂಗಡಿ, ತಾಲೀಮಿಗೆ ಸಭಾಂಗಣದ ಬೀಗ ತೆಗೆಯುವ ಶಾಲೆ ಇಂಥ ಯಾವ ಕಾನೂನಿನ ಕಣ್ಣಿಗೂ ಬೀಳುವುದಿಲ್ಲ.

ಉತ್ಸವಗಳು ಉಳಿಯುವುದೋ ಬೀಳುವುದೋ ಬಹಳ ಸಲ ತೀರ್ಮಾನವಾಗುವುದು ಅಲ್ಲಿಯೇ ಎಂದು ನನ್ನ ಅನಿಸಿಕೆ. 1947ರಲ್ಲಿ ಎಡಿನ್‌ಬರೋ ಉತ್ಸವಕ್ಕೆ ಎಂಟು ನಾಟಕ ತಂಡಗಳು ಕರೆಯದೆ ಬಂದು, ಸಿಕ್ಕ ಸಣ್ಣಪುಟ್ಟ ಜಾಗಗಳಲ್ಲಿ ಪ್ರದರ್ಶನ ಕೊಟ್ಟವು. ಫ್ರಿಂಜ್ ಎಂದು ಲೋಕವೇ ಅರಿತ ಉತ್ಸವದ ಬುಡ ಅದು. ಅಲ್ಲಿ ಇಂದಿಗೂ ಆಯ್ಕೆ ಸಮಿತಿಯಿಲ್ಲ. ಜಾಗ ಕೊಡುವವರೊಬ್ಬರು ಸಿಕ್ಕರೆ ಸಾಕು.

ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದಲ್ಲಿ 2009ರಲ್ಲಿ ಇದನ್ನೇ ಸೂತ್ರವಾಗಿಸಿಕೊಂಡು ಆರ್ಟ್‌ಪ್ರೈಜ್ ಎಂಬ ಕಲಾಸ್ಪರ್ಧೆಯ ಉತ್ಸವ ಆರಂಭವಾಯಿತು. ನಗರಕೇಂದ್ರದ ಸುಮಾರು ಮೂರು ಚದರ ಮೈಲಿಯೊಳಗೆ ಯಾರು ಬೇಕಾದರೂ ತಮ್ಮ ಜಾಗವನ್ನು ಕಲಾಂಗಣ ಮಾಡಬಹುದು. ಕಲಾವಿದರು ಮತ್ತು ಜಾಗದವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳಬೇಕು. ಆರಂಭದ ವರ್ಷ ಮೊದಲ ಬಹುಮಾನ 2,50,000 ಡಾಲರ್ ಇತ್ತು, ನಿರ್ಧಾರ ಜನರ ಮತದ್ದಾಗಿತ್ತು. ಜನಪ್ರಿಯತೆಗೆ ಮಣೆ ಹಾಕಿದ್ದಕ್ಕೆ ಟೀಕೆ ಬಂತು, ಮುಂದೆ ತಜ್ಞರ ಬಹುಮಾನವೂ ಸೇರಿತು. ಹುಟ್ಟುಹಾಕಿದವರು ರಿಕ್ ಡಿವೋಸ್. ಆಮ್‌ವೇ ಕಂಪನಿಯ ಸ್ಥಾಪಕರಲ್ಲೊಬ್ಬರ ಮೊಮ್ಮಗನಾದ ಅವರ ಕುಟುಂಬದ ಹಣವೇ ಉತ್ಸವದ ದೊಡ್ಡ ಆಸರೆಯಾಗಿತ್ತು. 2022ರಲ್ಲಿ ಅದನ್ನು ನಡೆಸುತ್ತಿದ್ದ ಸಂಸ್ಥೆ ಬಾಗಿಲು ಹಾಕುವುದಾಗಿ ಘೋಷಿಸಿದಾಗ ನಗರಾಡಳಿತ, ನಗರಕೇಂದ್ರದ ಅಭಿವೃದ್ಧಿ ಸಂಸ್ಥೆ ಮತ್ತು ಕೆಂಡಾಲ್ ಕಲಾ ಕಾಲೇಜು ಮೂವರೂ ಹೆಗಲು ಕೊಟ್ಟರು. ಮುಂದಿನ ಸೆಪ್ಟೆಂಬರ್‌ನಲ್ಲಿ ಉತ್ಸವ ಎಂದಿನಂತೆ ನಡೆಯಿತು.