ವರ್ಷದ ನಡುವೆ ಹೆಡ್ ಮಾಸ್ಟರ್ ಎತ್ತಂಗಡಿ: ಶಾಲೆ ಗೇಟಿನ ಬೀಗದ ಹಿಂದೆ ಇರುವ ಕಥೆ

ಊರಿನವರು ಶಾಲೆ ಗೇಟಿಗೆ ಬೀಗ ಹಾಕಿದರು ಎಂಬ ಸುದ್ದಿ ನಮ್ಮ ರಾಜ್ಯದಲ್ಲಿ ಹೊಸದಲ್ಲ. ಆದರೆ ಸ್ವಲ್ಪ ಗಮನಿಸಿ ಓದಿದರೆ ಅದರಲ್ಲಿ ಎರಡು ಬಗೆ ಕಾಣುತ್ತದೆ. ಒಂದು ಊರಿನವರು 'ಈ ಹೆಡ್ ಮಾಸ್ಟರ್ ನಮಗೆ ಬೇಡ, ಬೇರೆ ಕಡೆ ಹಾಕಿ' ಅನ್ನುತ್ತಾರೆ. ಇನ್ನೊಂದು ಊರಿನವರು 'ನಮ್ಮ ಹೆಡ್ ಮಾಸ್ಟರನ್ನು ಯಾಕೆ ಕಳಿಸಿದಿರಿ, ವಾಪಸ್ ಕರೆಸಿ' ಅನ್ನುತ್ತಾರೆ. ಬೇಡಿಕೆ ತದ್ವಿರುದ್ಧ, ಬೀಗ ಮಾತ್ರ ಒಂದೇ. ಎರಡೂ ಕಡೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಬರುತ್ತಾರೆ, ಭರವಸೆ ಕೊಡುತ್ತಾರೆ, ಬೀಗ ತೆಗೆಯುತ್ತದೆ. ಜಗಳ ಮಾತ್ರ ಶಾಲೆಯ ಒಳಗೇ ಉಳಿಯುತ್ತದೆ.

ಪೋಷಕರ ಕೈಗೆ ಬೀಗ ಬಂದದ್ದು ಹೇಗೆ? ಶಿಕ್ಷಕರು ಅದಕ್ಕೆ ಅಷ್ಟು ಹೆದರುವುದು ಯಾಕೆ? ಉತ್ತರ ಬೇಕಿದ್ದರೆ ಸ್ವಲ್ಪ ಹಿಂದೆ ಹೋಗಬೇಕು.

ಬಹಳ ಕಾಲ ಈ ಪ್ರಶ್ನೆಯೇ ಇರಲಿಲ್ಲ. ಬಾಂಬೆ ಪ್ರಾಂತ್ಯದ ಭಾಗವಾಗಿದ್ದ ಜಿಲ್ಲೆಗಳಲ್ಲಿ ಸ್ಕೂಲ್ ಬೋರ್ಡ್ ಇತ್ತು, ಉಳಿದ ಕಡೆ ಇಲಾಖೆಯೇ ಎಲ್ಲ ನೋಡಿಕೊಳ್ಳುತ್ತಿತ್ತು. ಮೇಷ್ಟ್ರು ಬರುವುದು, ಹೋಗುವುದು ಮೇಲಿನವರ ಕೆಲಸ. ಊರಿನವರು ಜಾಗ ಕೊಟ್ಟರು, ಕಲ್ಲು ಹೊತ್ತರು, ಚಾವಣಿ ಹಾಕಿಸಿದರು, ಅಷ್ಟೇ. 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದ ಮೇಲೆ ಶಾಲೆಯ ಆಡಳಿತ ಜಿಲ್ಲೆಯ ಮಟ್ಟಕ್ಕೆ ಇಳಿಯಿತು. ಶಿಕ್ಷಕರ ವರ್ಗಾವಣೆ ಎಂಬ ಮಾತು ಸ್ಥಳೀಯ ರಾಜಕೀಯಕ್ಕೆ ಹತ್ತಿರ ಬಂತು. ಆದರೂ ಅಪ್ಪ ಅಮ್ಮಂದಿರಿಗೆ ಶಾಲೆಯ ಒಳಗೆ ಒಂದು ಕುರ್ಚಿ ಅಂತ ಇರಲಿಲ್ಲ. ಗ್ರಾಮ ಶಿಕ್ಷಣ ಸಮಿತಿ, ಶಾಲಾ ಬೆಟರ್‌ಮೆಂಟ್ ಕಮಿಟಿ ಎಂಬ ಹೆಸರಿನ ಸಮಿತಿಗಳಿದ್ದವು. ಅವುಗಳಲ್ಲಿ ಕೂರುತ್ತಿದ್ದವರು ಹೆಚ್ಚಾಗಿ ಊರಿನ ದೊಡ್ಡ ಮನೆಯವರು. ಅವರ ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿರಬೇಕು ಎಂಬ ನಿಯಮವೇನೂ ಇರಲಿಲ್ಲ.

ನಿಜವಾದ ಬದಲಾವಣೆ ಬಂದದ್ದು 2001ರಲ್ಲಿ. ಎಸ್. ಎಂ. ಕೃಷ್ಣ ಅವರ ಸರ್ಕಾರ ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯಲ್ಲಿ ಒಂದು ಶಿಕ್ಷಣ ಕಾರ್ಯಪಡೆ ಮಾಡಿತ್ತು. ಅದರ ಸಲಹೆಯ ಮೇಲೆ ಆ ವರ್ಷದ ಏಪ್ರಿಲ್‌ನಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಆದೇಶ ಹೊರಬಿತ್ತು. ಎಲ್ಲರ ಬಾಯಲ್ಲಿ ಅದು ಎಸ್‌ಡಿಎಂಸಿ. ಆ ಶಾಲೆಯಲ್ಲಿ ಓದುವ ಮಕ್ಕಳ ತಂದೆ ತಾಯಿಯರದ್ದೇ ಒಂದು ಪರಿಷತ್ತು. ಆ ಪರಿಷತ್ತು ತನ್ನೊಳಗಿಂದ ಸದಸ್ಯರನ್ನು ಆರಿಸಬೇಕು. ಅಧ್ಯಕ್ಷರಾಗುವವರೂ ಪೋಷಕರೇ. ಕೂಲಿಗೆ ಹೋಗುವ ಅಮ್ಮ, ಆಟೋ ಓಡಿಸುವ ಅಪ್ಪ ಸರ್ಕಾರಿ ಶಾಲೆಯ ಸಭೆಯಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಕೂರುವ ದಿನ ಬಂತು. ಇದು ಸಣ್ಣ ವಿಷಯವಲ್ಲ. ನನ್ನ ಪ್ರಕಾರ ಕರ್ನಾಟಕದ ಶಾಲಾ ಶಿಕ್ಷಣದಲ್ಲಿ ಬಂದ ಒಳ್ಳೆಯ ಆದೇಶಗಳಲ್ಲಿ ಇದೂ ಒಂದು.

ಆದರೆ ಅದೇ ಆದೇಶದಲ್ಲಿ ಒಂದು ಗಂಟೂ ಇತ್ತು. ಸಮಿತಿಯ ಸದಸ್ಯ ಕಾರ್ಯದರ್ಶಿ ಯಾರು? ಶಾಲೆಯ ಮುಖ್ಯ ಶಿಕ್ಷಕರು. ಸಭೆ ಕರೆಯುವವರು, ನಡಾವಳಿ ಬರೆಯುವವರು, ಪುಸ್ತಕ ಇಟ್ಟುಕೊಳ್ಳುವವರು ಅವರೇ. ಬ್ಯಾಂಕಿನಲ್ಲಿ ಸಮಿತಿಯ ಖಾತೆ ಅಧ್ಯಕ್ಷರ ಮತ್ತು ಅವರ ಜಂಟಿ ಹೆಸರಿನಲ್ಲಿ. ಅಂದರೆ ಯಾರ ಮೇಲೆ ಕಣ್ಣಿಡಬೇಕೋ ಅವರೇ ಸಮಿತಿಯ ಕೈ ಮತ್ತು ಪೆನ್ನು. ಇಬ್ಬರ ನಡುವೆ ಹೊಂದಾಣಿಕೆ ಇದ್ದರೆ ಶಾಲೆ ಚೆನ್ನಾಗಿ ನಡೆಯುತ್ತದೆ. ಕಾಂಪೌಂಡ್ ಏಳುತ್ತದೆ, ಶೌಚಾಲಯಕ್ಕೆ ನೀರು ಬರುತ್ತದೆ, ಹಳೆಯ ವಿದ್ಯಾರ್ಥಿಗಳು ಬೆಂಚು ಕೊಡಿಸುತ್ತಾರೆ. ಹೊಂದಾಣಿಕೆ ಮುರಿದರೆ ಮಾತ್ರ ಮುಂದೆ ದಾರಿಯೇ ಇಲ್ಲ. ಮುಖ್ಯ ಶಿಕ್ಷಕರ ಮೇಲಿನ ದೂರನ್ನು ಚರ್ಚಿಸುವ ಸಭೆಯನ್ನೂ ಮುಖ್ಯ ಶಿಕ್ಷಕರೇ ಕರೆಯಬೇಕು. ಆ ಸಭೆಯ ನಡಾವಳಿಯನ್ನೂ ಅವರೇ ಬರೆಯಬೇಕು. ಇದು ಹೇಗೆ ಸಾಧ್ಯ ಅಲ್ವಾ?

ಪಂಚಾಯಿತಿಗಳ ತಕರಾರು ಬೇರೆ ಇತ್ತು. ಚುನಾಯಿತ ಸಂಸ್ಥೆ ಇರುವಾಗ ಪಕ್ಕದಲ್ಲಿ ಇನ್ನೊಂದು ಸಮಿತಿ ಯಾಕೆ ಎಂದು ಕೇಳಿದರು. 2006ರಲ್ಲಿ ಬಂದ ಬೈಲಾ ಎಸ್‌ಡಿಎಂಸಿಯನ್ನು ಪಂಚಾಯತ್ ರಾಜ್ ವ್ಯವಸ್ಥೆಯೊಳಗೆ ತಂದು ಕೂರಿಸಿತು.

ಇದೇ ವರ್ಷಗಳಲ್ಲಿ ಹೆಡ್ ಮಾಸ್ಟರ್ ಕೆಲಸವೂ ಬದಲಾಯಿತು. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಶುರುವಾಯಿತು, ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2013ರಲ್ಲಿ ಕ್ಷೀರ ಭಾಗ್ಯದ ಹಾಲು ಬಂತು, ಆಮೇಲೆ ಮೊಟ್ಟೆ, ಬಾಳೆಹಣ್ಣು. ಜೊತೆಗೆ ಸಮವಸ್ತ್ರ, ಶೂ, ಪುಸ್ತಕ, ಕಟ್ಟಡದ ಅನುದಾನ, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಎಂಬ ಆನ್‌ಲೈನ್ ವ್ಯವಸ್ಥೆ. ಮಕ್ಕಳಿಗೆ ಇದೆಲ್ಲ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಕ್ಕಿ, ಎಣ್ಣೆ, ಬೇಳೆ, ಮೊಟ್ಟೆಯ ಲೆಕ್ಕವೆಲ್ಲ ಒಬ್ಬರ ತಲೆಯ ಮೇಲೆ ಬಂತು. ಲೆಕ್ಕ ಇರುವ ಕಡೆ ಅನುಮಾನವೂ ಇರುತ್ತದೆ. ಹಿಂದೆ ಮೇಷ್ಟ್ರ ಮೇಲಿನ ದೂರು ಎಂದರೆ ತಡವಾಗಿ ಬರುತ್ತಾರೆ, ಹೊಡೆಯುತ್ತಾರೆ ಎಂಬಷ್ಟೇ ಇರುತ್ತಿತ್ತು. ಈಗ ಅದರ ಜೊತೆ 'ಸ್ಟಾಕ್ ಎಲ್ಲಿ, ಬಿಲ್ ಎಲ್ಲಿ' ಸೇರಿಕೊಂಡಿತು.

ಸಣ್ಣ ಶಾಲೆಗಳ ಪಾಡು ಇನ್ನೂ ಕಷ್ಟ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ನೋಡಿ. 1ರಿಂದ 5ನೇ ತರಗತಿಯಲ್ಲಿ 150ಕ್ಕಿಂತ ಜಾಸ್ತಿ ಮಕ್ಕಳಿದ್ದರೆ, 6ರಿಂದ 8ರಲ್ಲಿ 100ಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಪ್ರತ್ಯೇಕ ಮುಖ್ಯ ಶಿಕ್ಷಕರು. ಉಳಿದ ಕಡೆ ಇದ್ದವರಲ್ಲಿ ಸೀನಿಯರ್ ಆದವರು ಪ್ರಭಾರಿ. ಅವರು ಪಾಠ ಮಾಡಬೇಕು, ಲೆಕ್ಕ ಬರೆಯಬೇಕು, ತಾಲ್ಲೂಕಿನ ಮೀಟಿಂಗಿಗೂ ಹೋಗಬೇಕು. ತರಗತಿ ಖಾಲಿ ಕಂಡ ಪೋಷಕರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ತಪ್ಪಲ್ಲ. ಆದರೆ ಅದು ಹೋಗಿ ತಟ್ಟುವುದು ಎದುರಿಗೆ ಸಿಕ್ಕ ಒಬ್ಬರಿಗೆ.

ಈಗ ಶಿಕ್ಷಕರ ಕಡೆಯಿಂದ ನೋಡೋಣ. ವರ್ಗಾವಣೆ ಎಂಬ ಮಾತು ಅವರಿಗೆ ಬರೀ ಊರು ಬದಲಾವಣೆ ಅಲ್ಲ. ಅದು ಶಿಕ್ಷೆಯೂ ಆಗುತ್ತಿತ್ತು, ಬಹುಮಾನವೂ ಆಗುತ್ತಿತ್ತು. ಪಟ್ಟಣದ ಹತ್ತಿರ ಬರಲು ಶಿಫಾರಸು ಪತ್ರ ಹಿಡಿದು ಓಡಾಡಿದ ತಲೆಮಾರು ಅದು. 2007ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ ಬಂದ ಮೇಲೆ ಕೌನ್ಸೆಲಿಂಗ್ ಗಟ್ಟಿಯಾಯಿತು. ಸೀನಿಯಾರಿಟಿ ಪಟ್ಟಿ, ಎದುರಿಗೆ ಪರದೆಯ ಮೇಲೆ ಖಾಲಿ ಹುದ್ದೆ, ಸರದಿ ಬಂದಾಗ ಆಯ್ಕೆ. ಶಿಕ್ಷಕರಿಗೆ ಇದು ದೊಡ್ಡ ನೆಮ್ಮದಿ. ಹಾಗಾಗಿ ಊರಿನವರು 'ಇವರನ್ನು ಎತ್ತಂಗಡಿ ಮಾಡಿ' ಎಂದಾಗ ಅವರ ಕಿವಿಗೆ ಕೇಳುವುದು ಬೇರೆ. ನಿಯಮ ಬಿಟ್ಟು, ಕೂಗಿದವರ ಮಾತಿಗೆ ವರ್ಗ ಮಾಡುವ ಹಳೆಯ ಕಾಲ ವಾಪಸ್ ಬಂತು ಎಂದು ಅವರಿಗೆ ಅನ್ನಿಸುತ್ತದೆ. ಇವತ್ತು ಅವರಿಗೆ ಆದದ್ದು ನಾಳೆ ನಮಗೆ ಎಂದು ಪಕ್ಕದ ಶಾಲೆಯವರೂ ಜೊತೆಗೆ ನಿಲ್ಲುತ್ತಾರೆ. ಸಂಘ ಮನವಿ ಕೊಡುತ್ತದೆ. ಪೋಷಕರಿಗೆ ಅದು 'ಎಲ್ಲ ಮೇಷ್ಟ್ರುಗಳು ಒಂದಾದರು' ಎಂಬಂತೆ ಕಾಣುತ್ತದೆ. ಅಲ್ಲಿಗೆ ಒಬ್ಬರ ಮೇಲಿನ ದೂರು ಎರಡು ಗುಂಪುಗಳ ಜಗಳವಾಗಿ ಬಿಡುತ್ತದೆ.

ಶಿಕ್ಷಕರ ಹೆದರಿಕೆಯಲ್ಲಿ ನಿಜವೂ ಇದೆ. ಊರಿನ ಕೂಗು ಎಲ್ಲ ಸಲವೂ ನ್ಯಾಯದ ಕೂಗಲ್ಲ. ದಲಿತ ಮಹಿಳೆ ಬಿಸಿಯೂಟ ಮಾಡುತ್ತಾರೆ ಎಂಬ ಕಾರಣಕ್ಕೆ ಮಕ್ಕಳನ್ನು ಶಾಲೆ ಬಿಡಿಸಿದ ಪೋಷಕರನ್ನೂ ಈ ರಾಜ್ಯ ಕಂಡಿದೆ. ಅಂಥ ಕಡೆ ಅಡುಗೆಯವರ ಪರ ನಿಂತ ಮುಖ್ಯ ಶಿಕ್ಷಕರ ಮೇಲೆ 'ಹೊಂದಿಕೊಳ್ಳುವುದಿಲ್ಲ' ಎಂಬ ಮನವಿ ಬಂದರೆ ಇಲಾಖೆ ಏನು ಮಾಡಬೇಕು? ಸಹಿ ಎಷ್ಟಿದೆ ಎಂದು ಎಣಿಸಿ ತೀರ್ಮಾನ ಮಾಡುವ ವಿಷಯ ಇದಲ್ಲ.

2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದಾಗ ಈ ಗಂಟು ಬಿಚ್ಚಬಹುದಿತ್ತು. ಕಾಯ್ದೆಯ 21ನೇ ಕಲಂ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟಾರೆ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಕೆಲಸ ಗಮನಿಸುವುದು, ಅಭಿವೃದ್ಧಿ ಯೋಜನೆ ಮಾಡುವುದು, ಅನುದಾನದ ಖರ್ಚು ನೋಡುವುದು ಅದರ ಕೆಲಸ. ಕೇಂದ್ರದ ಮಾದರಿ ನಿಯಮ ಇನ್ನೂ ಒಂದು ಮಾತು ಸೇರಿಸಿತು. ಶಿಕ್ಷಕರು ಸಮಯಕ್ಕೆ ಬರುತ್ತಾರಾ ಎಂದು ನೋಡುವುದೂ ಸಮಿತಿಯೇ, ಶಿಕ್ಷಕರ ಕುಂದುಕೊರತೆ ಮೊದಲು ಕೇಳಬೇಕಾದದ್ದೂ ಅದೇ ಸಮಿತಿ. ಈ ಎರಡನೆಯ ಭಾಗ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಒಳ್ಳೆಯ ಯೋಚನೆ ಅದು. ಆದರೆ ಮುಖ್ಯ ಶಿಕ್ಷಕರನ್ನು ಉಳಿಸಿಕೊಳ್ಳುವ ಅಥವಾ ಕಳಿಸುವ ವಿಷಯದಲ್ಲಿ ಪೋಷಕರ ಮಾತಿಗೆ ಎಷ್ಟು ಬೆಲೆ, ಅದನ್ನು ಯಾವಾಗ ಕೇಳಬೇಕು ಎಂಬುದಕ್ಕೆ ಅಲ್ಲೂ ಜಾಗ ಸಿಗಲಿಲ್ಲ. ಕರ್ತವ್ಯ ತಪ್ಪಿದ ಶಿಕ್ಷಕರ ಮೇಲೆ ಸೇವಾ ನಿಯಮದ ಪ್ರಕಾರ ಕ್ರಮ ಎಂದು 24ನೇ ಕಲಂ ಹೇಳಿ ಮುಗಿಸಿತು.

ಸೇವಾ ನಿಯಮ ಎಂದರೆ ನಮ್ಮಲ್ಲಿ 1957ರ ಸಿಸಿಎ ನಿಯಮ, ಅಂದರೆ ಸರ್ಕಾರಿ ನೌಕರರ ಶಿಸ್ತಿನ ನಿಯಮ. ನೋಟಿಸ್ ಕೊಡಬೇಕು, ಉತ್ತರ ಪಡೆಯಬೇಕು, ದೊಡ್ಡ ಆರೋಪವಾದರೆ ವಿಚಾರಣೆ ನಡೆಸಬೇಕು, ಸಾಕ್ಷಿ ಕೇಳಬೇಕು. ನ್ಯಾಯವಾದ ದಾರಿ, ಆದರೆ ನಿಧಾನ. ಊರಿನವರು ಗೇಟಿನ ಮುಂದೆ ಕೂತಿರುವಾಗ ಅಷ್ಟು ಕಾಯುವ ವ್ಯವಧಾನ ಯಾರಿಗಿದೆ? ಆಗ ಸಿಗುವ ಸುಲಭ ಉಪಾಯವೇ ನಿಯೋಜನೆ. ಮುಖ್ಯ ಶಿಕ್ಷಕರನ್ನು ತಾತ್ಕಾಲಿಕವಾಗಿ ಬೇರೆ ಶಾಲೆಗೋ ಬಿಇಒ ಕಚೇರಿಗೋ ಕಳಿಸುತ್ತಾರೆ. ಪೋಷಕರು ಗೆದ್ದೆವು ಎಂದುಕೊಳ್ಳುತ್ತಾರೆ. ವಿಚಾರಣೆಯೇ ಇಲ್ಲದೆ ಶಿಕ್ಷೆ ಆಯಿತು ಎಂದು ಶಿಕ್ಷಕರು ನೊಂದುಕೊಳ್ಳುತ್ತಾರೆ. ಆರೋಪ ನಿಜವೋ ಸುಳ್ಳೋ ಎಂಬುದು ಹಾಗೇ ಉಳಿಯುತ್ತದೆ.

ನನಗೆ ಹೆಚ್ಚು ಬೇಸರ ತರುವುದು ಆಮೇಲಿನ ಭಾಗ. ನಿಯೋಜನೆ ಮೇಲೆ ಹೋದವರ ಸಂಬಳ ಮೂಲ ಶಾಲೆಯ ಹುದ್ದೆಯಲ್ಲೇ ಆಗುತ್ತದೆ. ಕಾಗದದಲ್ಲಿ ಆ ಹುದ್ದೆ ಭರ್ತಿಯಾಗಿಯೇ ಇರುತ್ತದೆ. ಭರ್ತಿಯಾದ ಹುದ್ದೆಗೆ ಹೊಸಬರನ್ನು ಕೊಡುವುದು ಹೇಗೆ? ಇದ್ದವರಲ್ಲೇ ಒಬ್ಬರು ಪ್ರಭಾರಿ ಆಗುತ್ತಾರೆ, ಅವರ ತರಗತಿ ಅರ್ಧ ನಿಲ್ಲುತ್ತದೆ. ಚಾರ್ಜ್ ಪಟ್ಟಿ ಬರೆಯಬೇಕು, ದಾಸ್ತಾನು ತಾಳೆ ನೋಡಬೇಕು. ಬ್ಯಾಂಕಿನಲ್ಲಿ ಸಹಿ ಬದಲಾಗಬೇಕಾದರೆ ಸಮಿತಿಯ ಠರಾವು ಬೇಕು, ಸಮಿತಿಯಲ್ಲಿ ಆಗಲೇ ಎರಡು ಪಂಗಡ. ಆ ಸಹಿ ಆಗುವ ತನಕ ಸಣ್ಣ ಖರ್ಚೂ ಯಾರದೋ ಜೇಬಿನಿಂದ. ಪ್ರೌಢಶಾಲೆಯಾದರೆ ಎಸ್‌ಎಸ್‌ಎಲ್‌ಸಿ ಮಕ್ಕಳ ನಾಮಿನಲ್ ರೋಲ್ (ಪರೀಕ್ಷೆ ಬರೆಯುವವರ ಹೆಸರಿನ ಪಟ್ಟಿ) ಕೆಲಸ ಬೇರೆ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಆ ಹುಡುಗಿ ಮುಂದೆ ತಿದ್ದುಪಡಿಗೆ ಅಲೆಯಬೇಕು. ಜೂನ್‌ನಲ್ಲಿ ಆಗಿದ್ದರೆ ಸುಲಭವಾಗಿ ಮುಗಿಯುತ್ತಿದ್ದ ಬದಲಾವಣೆ ನವೆಂಬರ್‌ನಲ್ಲಿ ಇಡೀ ವರ್ಷವನ್ನೇ ಕೆಡಿಸುತ್ತದೆ.

ವರ್ಷದ ನಡುವೆ ಕದಲಿಸುವುದು ದೂರಿನಿಂದ ಮಾತ್ರ ಆಗುವುದಿಲ್ಲ. 2019ರ ಕಡ್ಡಾಯ ವರ್ಗಾವಣೆ ನೆನಪಿರಬಹುದು. ನಗರ ವಲಯದಲ್ಲಿ ಬಹಳ ವರ್ಷ ಇದ್ದವರನ್ನು ಹಳ್ಳಿಗಳಿಗೆ ಕಳಿಸುವ ಕ್ರಮ ಅದು. ಉದ್ದೇಶ ಸರಿಯಾಗಿತ್ತು, ಹಳ್ಳಿಯ ಮಕ್ಕಳಿಗೂ ಅನುಭವಿ ಶಿಕ್ಷಕರು ಬೇಕಲ್ಲ. ಆದರೆ ಅದು ನಡೆದದ್ದು ಶಾಲೆ ಶುರುವಾಗಿ ತಿಂಗಳುಗಳಾದ ಮೇಲೆ. ಶಿಕ್ಷಕರು ಅತ್ತರು, ಮಕ್ಕಳೂ ಅತ್ತರು. 2020ರಲ್ಲಿ ಹಳೆಯ ಕಾಯ್ದೆಯ ಬದಲು ಹೊಸ ವರ್ಗಾವಣೆ ಕಾಯ್ದೆ ಬಂತು. ತಮಿಳುನಾಡಿನ ತಿರುವಳ್ಳೂರು ಜಿಲ್ಲೆಯಲ್ಲಿ 2018ರಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರ ವರ್ಗಾವಣೆ ತಡೆಯಲು ಮಕ್ಕಳು ಅವರನ್ನು ತಬ್ಬಿ ಹಿಡಿದ ಚಿತ್ರ ದೇಶವೆಲ್ಲ ಓಡಾಡಿತು. ಪೋಷಕರೂ ಜೊತೆಗಿದ್ದರು. ವರ್ಗಾವಣೆ ಕೆಲವು ದಿನ ಮುಂದಕ್ಕೆ ಹೋಯಿತು.

ಖಾಸಗಿ ಶಾಲೆಗಳ ದಾರಿ ಪೂರ್ತಿ ಬೇರೆ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ 1975ರ ಒಂದು ಕಾಯ್ದೆ, ಆಮೇಲೆ 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯ್ದೆ ಸಿಬ್ಬಂದಿಗೆ ರಕ್ಷಣೆ ಕೊಟ್ಟವು. ವಿಚಾರಣೆ ಇಲ್ಲದೆ ತೆಗೆಯುವಂತಿಲ್ಲ, ತೆಗೆದರೆ ನ್ಯಾಯಮಂಡಳಿಗೆ ಹೋಗಬಹುದು. 2002ರಲ್ಲಿ ಕರ್ನಾಟಕದಿಂದಲೇ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಅನುದಾನರಹಿತ ಸಂಸ್ಥೆಗಳ ಆಡಳಿತ ಮಂಡಳಿಗೆ ಹೆಚ್ಚು ಸ್ವಾತಂತ್ರ್ಯ ಕೊಟ್ಟಿತು, ಜೊತೆಗೆ ಜಿಲ್ಲಾ ಮಟ್ಟದ ನ್ಯಾಯಮಂಡಳಿ ಇರಲಿ ಎಂದೂ ಹೇಳಿತು. ಶಿಕ್ಷಣ ಹಕ್ಕು ಕಾಯ್ದೆಯ ಪೋಷಕರ ಸಮಿತಿ ಅನುದಾನರಹಿತ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಲಕ್ಷಗಟ್ಟಲೆ ಫೀಸು ಕಟ್ಟುವ ಪೋಷಕರಿಗೆ ಪ್ರಿನ್ಸಿಪಾಲ್ ಬದಲಾದ ವಿಷಯ ಒಂದು ಸರ್ಕ್ಯುಲರ್‌ನಲ್ಲಿ ಗೊತ್ತಾಗುತ್ತದೆ.

ಪೋಷಕರಿಗೆ ಈ ಅಧಿಕಾರ ಕೊಟ್ಟು ನೋಡಿದ ಊರು ಒಂದಿದೆ. ಅಮೆರಿಕದ ಷಿಕಾಗೊದಲ್ಲಿ 1988ರ ಕಾನೂನು ಪ್ರತಿ ಶಾಲೆಗೂ ಒಂದು ಸ್ಥಳೀಯ ಮಂಡಳಿ ಕೊಟ್ಟಿತು. 6 ಪೋಷಕರು, 2 ಬಡಾವಣೆಯವರು, 2 ಶಿಕ್ಷಕರು, ಜೊತೆಗೆ ಪ್ರಿನ್ಸಿಪಾಲ್. ಪ್ರಿನ್ಸಿಪಾಲರ ಕಾಯಂ ಹುದ್ದೆ ಹೋಗಿ 4 ವರ್ಷದ ಕರಾರು ಬಂತು. ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಈ ಮಂಡಳಿ. ಅಲ್ಲೂ ಜಗಳವಾಯಿತು, ಪ್ರತಿಭಟನೆ ನಡೆಯಿತು, ಪ್ರಿನ್ಸಿಪಾಲರು ಕೋರ್ಟಿಗೆ ಹೋದರು. 1990ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್ ಮಂಡಳಿಯ ಚುನಾವಣೆ ವಿಧಾನವನ್ನು ತಳ್ಳಿಹಾಕಿತು, ಕಾನೂನನ್ನು ಮತ್ತೆ ತಿದ್ದಬೇಕಾಯಿತು. ನಮ್ಮ ಶಾಲೆಗಳಿಗೆ ಅದನ್ನು ಹಾಗೇ ತರಬೇಕು ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಅಂಶ ಗಮನಿಸಬೇಕು. ಅಲ್ಲಿ ಪೋಷಕರ ಮಾತು ಕೇಳಲು ಒಂದು ಹೊತ್ತು ಇದೆ. ಕರಾರು ಮುಗಿಯುವ ಮುಂಚೆ ಕೇಳುತ್ತಾರೆ, ಅದು ಕಡತದಲ್ಲಿ ದಾಖಲಾಗುತ್ತದೆ.

ನಮ್ಮಲ್ಲಿ ಇಲ್ಲದ್ದು ಅದೇ. ಎಸ್‌ಡಿಎಂಸಿ ವರ್ಷಕ್ಕೊಮ್ಮೆ, ಪರೀಕ್ಷೆ ಮುಗಿದ ಮೇಲೆ, ಮುಖ್ಯ ಶಿಕ್ಷಕರ ಕೆಲಸದ ಬಗ್ಗೆ ಬರೆದು ಕೊಡಲಿ. ಆ ಸಭೆಯನ್ನು ಮುಖ್ಯ ಶಿಕ್ಷಕರ ಬದಲು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅಥವಾ ಬಿಇಒ ಕಚೇರಿಯವರು ಕರೆಯಲಿ. ಮುಖ್ಯ ಶಿಕ್ಷಕರ ಉತ್ತರವೂ ಅದೇ ಕಡತದಲ್ಲಿ ಸೇರಲಿ. ಬೇಸಿಗೆ ರಜೆಯಲ್ಲಿ ಇಲಾಖೆ ತೀರ್ಮಾನ ಮಾಡಲಿ. ಮಗುವಿನ ಮೈ ಮುಟ್ಟಿದ, ಹೊಡೆದ, ಹಣ ನುಂಗಿದ ಆರೋಪ ಇದ್ದರೆ ಕಾಯುವ ಪ್ರಶ್ನೆಯೇ ಇಲ್ಲ, ಅಂದೇ ಕ್ರಮ ಆಗಬೇಕು. ಆದರೆ ಅಂಥ ಹೊತ್ತಿನಲ್ಲೂ ತೆಗೆಯುವ ಆದೇಶದ ಜೊತೆಗೇ ಬರುವವರು ಯಾರು, ಖಾತೆಗೆ ಸಹಿ ಯಾರದು, ಅವರ ತರಗತಿ ಯಾರು ನೋಡುತ್ತಾರೆ ಎಂದು ಅದೇ ಹಾಳೆಯಲ್ಲಿ ಬರೆದಿರಬೇಕು. ಇದಕ್ಕೆ ಹೊಸ ಕಾಯ್ದೆಯೂ ಬೇಕಿಲ್ಲ. 2001ರಲ್ಲಿ ಎಸ್‌ಡಿಎಂಸಿ ಹುಟ್ಟಿದ್ದೂ ಒಂದು ಸರ್ಕಾರಿ ಆದೇಶದಿಂದಲೇ.